ಮೂವತ್ತೊಂದು ಮನೆಗಳ ನೋಟ್‌ಬುಕ್

ನಮ್ಮ ಮನೆಯ ಟಿ.ವಿ. ಪಕ್ಕದಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇದೆ. ಹೊದಿಕೆಯ ಮೇಲೆ ಅಪ್ಪನ ಅಕ್ಷರದಲ್ಲಿ ‘ಮನೆ ವಿಚಾರ’ ಎಂದು ಬರೆದಿದೆ. ಒಳಗೆ ಮೂವತ್ತೊಂದು ಮನೆಗಳ ವಿವರ. ‘ಅಡುಗೆಮನೆ ಕತ್ತಲು’, ‘ಬೀದಿಯಲ್ಲಿ ನಾಯಿ ಜಾಸ್ತಿ’, ‘ಮೆಟ್ಟಿಲು ಕಡಿದು, ಇವಳ ಮಂಡಿಗೆ ಆಗುವುದಿಲ್ಲ’. ಇವಳು ಅಂದರೆ ಅಮ್ಮ. ಹದಿನೇಳು ತಿಂಗಳು ಮೈಸೂರಿನ ರಿಂಗ್ ರಸ್ತೆಯ ಒಳಗೂ ಹೊರಗೂ ಸುತ್ತಿದ್ದೇವೆ, ಅಪ್ಪ ಸ್ಕೂಟರ್‌ನಲ್ಲಿ ಮುಂದೆ, ನಾನು ಹೆಲ್ಮೆಟ್ ಹಾಕಿಕೊಂಡು ಹಿಂದೆ.

ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. 2024ರ ಮೇ ತಿಂಗಳಲ್ಲಿ ನಿವೃತ್ತರಾದರು. ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ. ಅಂದರೆ ಊರವರ ಲೆಕ್ಕದಲ್ಲಿ ‘ಮನೇಲೇ ಇದ್ದಾಳೆ’. ಹಾಗಾಗಿ ಮನೆ ಹುಡುಕುವ ಓಡಾಟ ನನ್ನ ಪಾಲಿಗೆ ಬಂತು. ಆ ವರ್ಷ ಒಂದು ಪರೀಕ್ಷೆ ಎರಡೇ ಅಂಕಕ್ಕೆ ಕೈತಪ್ಪಿತು. ತಪ್ಪನ್ನು ಮನೆ ಹುಡುಕಾಟದ ತಲೆಗೆ ಕಟ್ಟಲು ಆಸೆಯಾಗುತ್ತದೆ. ಆದರೆ ನನ್ನ ಗಣಿತ ಎಷ್ಟು ಚೆಂದ ಎಂಬುದು ನನಗೇ ಗೊತ್ತು.

ಮೊದಲ ಹನ್ನೊಂದು ಭಾನುವಾರಗಳನ್ನು ನಾವು ಪೂರ್ತಿ ನೀರಿಗೆ ಹಾಕಿದೆವು. ನಿವೃತ್ತಿಯಿಂದ ಬಂದ 24 ಲಕ್ಷ ಇತ್ತು. ಬೆಂಗಳೂರಲ್ಲಿ ಕೆಲಸ ಮಾಡುವ ಅಣ್ಣ ‘ಇಪ್ಪತ್ತೈದು ಲಕ್ಷ ಸಾಲ ಸಿಗುತ್ತೆ ಬಿಡಪ್ಪ’ ಅಂದಿದ್ದ. ಎರಡನ್ನೂ ಕೂಡಿಸಿ 50 ಲಕ್ಷದ ಮನೆಗಳನ್ನು ನೋಡಿದ್ದೇ ನೋಡಿದ್ದು. ತುಳಸಿಕಟ್ಟೆ ಎಲ್ಲಿ ಎಂದು ಅಮ್ಮ ಒಂದು ಮನೆಯಲ್ಲಿ ಜಾಗವನ್ನೂ ಗೊತ್ತು ಮಾಡಿಬಿಟ್ಟಿದ್ದರು. ಆಮೇಲೆ ಅಣ್ಣ ಬ್ಯಾಂಕಿಗೆ ಹೋದ. ಗೆಳೆಯನೊಬ್ಬನಿಗಾಗಿ ತನ್ನ ಹೆಸರಲ್ಲಿ ಫೋನ್ ಕೊಡಿಸಿದ್ದನಂತೆ. ಆ ಪುಣ್ಯಾತ್ಮ ನಾಲ್ಕು ಕಂತು ಕಟ್ಟಿರಲಿಲ್ಲ. ಸಿಬಿಲ್ ಸ್ಕೋರ್ ಇಳಿದಿತ್ತು. ಜೊತೆಗೆ ಬೈಕಿನ ಇಎಂಐ. ಎಲ್ಲ ಕಳೆದು ಬ್ಯಾಂಕಿನವರು ಒಪ್ಪಿದ್ದು 16 ಲಕ್ಷ.

ಇನ್ನೊಂದು ಲೆಕ್ಕವನ್ನೂ ನಾವು ಬಿಟ್ಟಿದ್ದೆವು. ನಗರದಲ್ಲಿ ಇಂಥ ಮನೆ ಕೊಂಡರೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ ಬೇರೆ. ಈ ಹಣವನ್ನು ನಮ್ಮಂಥವರ ಸಾಲದಲ್ಲಿ ಸೇರಿಸಿ ಕೊಡುವುದಿಲ್ಲ, ಕೈಯಿಂದಲೇ ಕಟ್ಟಬೇಕು. ಅಂದರೆ ಕೈಲಿ 40 ಲಕ್ಷ ಇದ್ದರೆ 40 ಲಕ್ಷದ ಮನೆ ಬರುವುದಿಲ್ಲ. ಬ್ಯಾಂಕಿಗೆ ಒಂದು ಸಲ ಹೋಗಿಬಂದಿದ್ದರೆ ಜೂನ್ ತಿಂಗಳಲ್ಲೇ ಇದು ತಿಳಿಯುತ್ತಿತ್ತು. ತಿಳಿದದ್ದು ದಸರಾ ಕಳೆದ ಮೇಲೆ.

ಆಮೇಲೆ ನಮ್ಮ ಕೈಗೆಟುಕುವ ಮನೆಗಳತ್ತ ಹೊರಳಿದೆವು. ಅಲ್ಲಿ ಬೇರೆಯದೇ ತಮಾಷೆ. ಬ್ರೋಕರ್ ಫೋಟೊ ಕಳಿಸುತ್ತಾರೆ, ನಾವು ಸ್ಕೂಟರ್ ಹತ್ತುತ್ತೇವೆ, ಮನೆ ಹಿಡಿಸುತ್ತದೆ, ಕಾಫಿ ಕುಡಿಯುತ್ತೇವೆ. ಕೊನೆಗೆ ಕೇಳಿದರೆ ‘ಇದು ರೆವಿನ್ಯೂ ಸೈಟು ಸಾರ್, ಆದ್ರೆ ಏನೂ ತೊಂದರೆ ಇಲ್ಲ’. ತೊಂದರೆ ಇಲ್ಲದಿದ್ದರೆ ಬ್ಯಾಂಕು ಯಾಕೆ ಸಾಲ ಕೊಡುವುದಿಲ್ಲ ಎಂದರೆ ಉತ್ತರವಿಲ್ಲ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಇಲ್ಲ ಎಂದಾಯಿತು. ಕೆಲವರು ‘ಅರ್ಜಿ ಹಾಕಿದ್ದೀವಿ, ಇನ್ನೇನು ಬಂದುಬಿಡುತ್ತೆ’ ಅನ್ನುತ್ತಿದ್ದರು. ನಾವೂ ನಂಬಿ ಕಾಯುತ್ತಿದ್ದೆವು.

ಒಮ್ಮೆ ಬೇಸರದಲ್ಲಿ ನೋಟ್‌ಬುಕ್ ತಿರುವಿ ಹಾಕಿದೆ. ಬಣ್ಣ, ಬಾಗಿಲು, ಬೋರ್‌ವೆಲ್ ಎಲ್ಲ ಇತ್ತು. ಖಾತೆ ಯಾರ ಹೆಸರಲ್ಲಿದೆ ಎಂಬುದು ಒಂದು ಪುಟದಲ್ಲೂ ಇರಲಿಲ್ಲ. ಆಗ ತಲೆಗೆ ಹೊಳೆದದ್ದು, ನೋಡಿದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಂದು ಫೋನ್ ಕರೆಯಲ್ಲೇ ಬಿಡಬಹುದಿತ್ತು. ಸೈಟಿನ ಅಪ್ರೂವಲ್ ಯಾರದು? ಇ-ಖಾತೆ ಆಗಿದೆಯೇ? ಮನೆ ಮೇಲೆ ಸಾಲ ಇದೆಯೇ? ಖಾತೆ, ಕ್ರಯಪತ್ರದ ಪ್ರತಿ ಮೊದಲು ವಾಟ್ಸ್‌ಆ್ಯಪ್ ಮಾಡಿ, ಆಮೇಲೆ ಬರುತ್ತೇವೆ ಎಂದು ನಾನು ಹೇಳತೊಡಗಿದೆ. ಮೂರು ಬ್ರೋಕರ್‌ಗಳು ಆವತ್ತಿನಿಂದ ನಮಗೆ ಫೋನ್ ಮಾಡುವುದನ್ನೇ ಬಿಟ್ಟರು. ಪೆಟ್ರೋಲ್ ಉಳಿಯಿತು.

ಇಷ್ಟೆಲ್ಲ ಬುದ್ಧಿ ಬಂದಮೇಲೂ ದೊಡ್ಡ ಪೆಟ್ಟು ತಿಂದದ್ದು 2025ರ ಫೆಬ್ರುವರಿಯಲ್ಲಿ. 35 ಲಕ್ಷದ ಮನೆ. ಅಪ್ರೂವ್ಡ್ ಬಡಾವಣೆ, ಇ-ಖಾತೆ ಆಗಿತ್ತು. ನಾನು ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. ತೆಗೆದೆ, ಅಂದರೆ ಋಣಭಾರ ಪತ್ರ. ಸಾಲ ಇಲ್ಲ, ಬೇರೆಯವರಿಗೆ ಮಾರಿಲ್ಲ. ಚೊಕ್ಕಟ. ‘ನಾಳೆ ಇನ್ನೊಂದು ಪಾರ್ಟಿ ಟೋಕನ್ ಕೊಡೋಕೆ ಬರ್ತಿದ್ದಾರೆ ಸಾರ್’ ಎಂದು ಬ್ರೋಕರ್ ಅಂದರು. ಆ ‘ಇನ್ನೊಂದು ಪಾರ್ಟಿ’ಯನ್ನು ಇವತ್ತಿನವರೆಗೆ ಯಾರೂ ಕಣ್ಣಾರೆ ಕಂಡಿಲ್ಲ. ಅಪ್ಪ ಅವತ್ತೇ ಸಂಜೆ 1 ಲಕ್ಷದ ಚೆಕ್ ಕೊಟ್ಟರು. ಅವರು ಕೊಟ್ಟ ರಸೀದಿ ಚೀಟಿಯಲ್ಲಿ, ಕಾಗದಪತ್ರ ಸರಿಯಿಲ್ಲದಿದ್ದರೆ ಹಣ ವಾಪಸ್ ಎಂಬ ಒಂದು ಸಾಲು ಇರಲಿಲ್ಲ.

ಬ್ಯಾಂಕಿನ ವಕೀಲರು ವಂಶವೃಕ್ಷ ಕೇಳಿದರು. ಮನೆ ಕಟ್ಟಿಸಿದ್ದ ಹಿರಿಯರು ವಿಲ್ ಬರೆಯದೆ ತೀರಿಕೊಂಡಿದ್ದರು. ಖಾತೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಆಗಿತ್ತು. ವಂಶವೃಕ್ಷದಲ್ಲಿ ಮೂರನೆಯ ಹೆಸರೊಂದಿತ್ತು, ಮಗಳದು. ಆಗ ನನಗೆ ಎರಡು ವಿಷಯ ತಿಳಿಯಿತು. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಕೇಳದೇ ಬಿಟ್ಟವರ ಹಕ್ಕು ಅದರಲ್ಲಿ ಕಾಣುವುದಿಲ್ಲ. ಖಾತೆ ತೆರಿಗೆ ಕಟ್ಟುವವರ ಹೆಸರು ಹೇಳುತ್ತದೆಯೇ ಹೊರತು ಅದೊಂದೇ ಒಡೆತನವನ್ನು ಸಾಬೀತು ಮಾಡುವುದಿಲ್ಲ.

ಬ್ರೋಕರ್ ನಮ್ಮ ಮನೆಗೆ ಬಂದು, ‘ಅವರಿಗೆ ಮದುವೇಲೇ ಎಲ್ಲ ಕೊಟ್ಟಾಗಿದೆ ಸಾರ್. ಹೆಣ್ಮಕ್ಕಳ ಸಹಿ ಅನ್ನೋದು ಸುಮ್ನೆ ಫಾರ್ಮಾಲಿಟಿ, ಮುಂದಿನ ವಾರ ಹಾಕಿಸಿಬಿಡ್ತೀನಿ’ ಅಂದರು. ಅಪ್ಪ ತಲೆಯಾಡಿಸಿದರು. ನಾನು ಕಾಫಿ ಲೋಟ ಇಡುತ್ತಿದ್ದೆ. ಏನೋ ಹೇಳಬೇಕೆನಿಸಿತು, ಹೇಳಲಿಲ್ಲ. ತಂದೆ ಸ್ವಂತ ದುಡಿಮೆಯಲ್ಲಿ ಮಾಡಿದ ಆಸ್ತಿಯಾಗಲಿ, ಪಿತ್ರಾರ್ಜಿತವಾಗಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. 2005ರ ತಿದ್ದುಪಡಿ, ಅದರ ಮೇಲೆ 2020ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಎರಡನ್ನೂ ನಾನು ಪರೀಕ್ಷೆಗೆಂದು ಉರು ಹೊಡೆದಿದ್ದೆ.

‘ಮುಂದಿನ ವಾರ’ ನಾಲ್ಕು ತಿಂಗಳಾಯಿತು. ಆಷಾಢ ಬಂತು, ಆಷಾಢದಲ್ಲಿ ಯಾರು ಮನೆ ಮಾತಾಡುತ್ತಾರೆ? ಕೊನೆಗೆ ನಾನೇ ಹಟ ಮಾಡಿ ಅಪ್ಪನನ್ನು ಕರೆದುಕೊಂಡು ನಂಜನಗೂಡಿನ ಬಸ್ ಹತ್ತಿದೆ. ಆ ಅಕ್ಕ ಅಲ್ಲಿದ್ದರು. ಸುಮಾರು ಐವತ್ತು ವಯಸ್ಸು, ಮನೆ ಮುಂದೆ ಸಣ್ಣ ಅಂಗಡಿ. ವಿಷಯ ಹೇಳಿದೆವು. ಮಜ್ಜಿಗೆ ಕೊಟ್ಟರು. ‘ಮನೆ ಮಾರ್ತಿದ್ದಾರೆ ಅನ್ನೋದೇ ನನಗೆ ನಿಮ್ಮಿಂದ ಗೊತ್ತಾಯ್ತು ಕಣಮ್ಮ. ದುಡ್ಡಿನ ಮಾತು ಆಮೇಲೆ. ಒಂದು ಸಲ ಅಣ್ಣ ಬಂದು ಕೇಳಲಿ’ ಅಂದರು.

ಅಣ್ಣ ಹೋಗಲಿಲ್ಲ. ನಾವು ಆ ಮನೆ ಬಿಟ್ಟೆವು. ಟೋಕನ್ ಹಣದಲ್ಲಿ 60 ಸಾವಿರ ಆಗಸ್ಟ್‌ನಲ್ಲಿ ಬಂತು, ಉಳಿದ 40 ಸಾವಿರ ಬರುವ ಹೊತ್ತಿಗೆ ಮತ್ತೊಂದು ದಸರಾ ಮುಗಿದಿತ್ತು. ಅಷ್ಟರಲ್ಲಿ, ಆಗಸ್ಟ್ ಕೊನೆಯಲ್ಲಿ, ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಹದಿನೇಳು ತಿಂಗಳ ಬಾಡಿಗೆ ಲೆಕ್ಕ ಹಾಕಿದರೆ, ತಿಂಗಳಿಗೆ 12 ಸಾವಿರದಂತೆ, 2 ಲಕ್ಷ ದಾಟುತ್ತದೆ. ಅಪ್ಪ ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ನಾನು ಬರೆದೆ.

ನಡುವೆ ದೊಡ್ಡ ಮಾವನ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಎಲ್ಲ ಸರಿಹೋದ ಎರಡು ಮನೆಗಳನ್ನು ಅವರು ಕೊನೆಯ ದಿನ ಬಂದು, ‘ಬಾಗಿಲು ದಕ್ಷಿಣಕ್ಕಿದೆಯಲ್ಲ’ ಎಂಬ ಒಂದೇ ಮಾತಿನಲ್ಲಿ ಉರುಳಿಸಿದರು. ಅಮ್ಮ ತಮ್ಮ ಅಣ್ಣನ ಮಾತು ಮೀರುವವರಲ್ಲ. ಹಾಗಾಗಿ ಮೂವತ್ತೊಂದನೆಯ ಮನೆಯನ್ನು ಮೊದಲು ನೋಡಿದ್ದು ಮಾವ, ಆಮೇಲೆ ನಾವು. ನಗಬೇಡಿ. ಬೇಡ ಅನ್ನುವ ಅಧಿಕಾರ ಯಾರಿಗಿದೆಯೋ ಅವರನ್ನು ಮೊದಲೇ ಕರೆದುಕೊಂಡು ಹೋಗುವುದು ಎಷ್ಟೋ ಅಗ್ಗ.

ಆ ಮನೆಗೆ 36 ಲಕ್ಷ. ಟೋಕನ್‌ಗೂ ಮುಂಚೆ ನಮ್ಮದೇ ವಕೀಲರಿಗೆ 5 ಸಾವಿರ ಕೊಟ್ಟು ಮೂಲಪತ್ರದಿಂದ ಓದಿಸಿದೆವು. ಅಪ್ಪ ಒಂದು ಬೆಳಿಗ್ಗೆ ಆರಕ್ಕೆ, ಒಂದು ರಾತ್ರಿ ಒಂಬತ್ತಕ್ಕೆ ಒಬ್ಬರೇ ಹೋಗಿ ಎದುರಿನ ಅಂಗಡಿಯಲ್ಲಿ ಟೀ ಕುಡಿದು, ನೀರು ಯಾವ ದಿನ ಬರುತ್ತದೆಂದು ಕೇಳಿಕೊಂಡು ಬಂದರು. ನೋಂದಣಿ ಖರ್ಚು ಶೇ 7.6ರ ಲೆಕ್ಕದಲ್ಲಿ 2,73,600 ರೂಪಾಯಿ.

ನವೆಂಬರ್‌ನಲ್ಲಿ ಕ್ರಯಪತ್ರದ ಕರಡು ಬಂದಾಗ ಅದರಲ್ಲಿ ಅಪ್ಪ ಮತ್ತು ಅಣ್ಣನ ಹೆಸರಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಅಣ್ಣನಿಗೆ ಫೋನ್ ಮಾಡಿದರು. ‘ನಿನ್ನ ತಂಗಿ ಹೆಸರೂ ಸೇರಿಸಿದ್ರೆ ಬ್ಯಾಂಕ್‌ನೋರು ಏನಂತಾರೆ ಕೇಳು’ ಅಂದರು. ಯಾಕೆ, ಏನು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಡೆತನದಲ್ಲಿ ಹೆಸರಿದ್ದರೆ ಸಾಲದಲ್ಲೂ ಇರಬೇಕು ಎಂದು ಬ್ಯಾಂಕಿನವರು ಅಂದರು. ‘ಉದ್ಯೋಗ’ ಎಂಬ ಕಾಲಂನಲ್ಲಿ ಏನು ಬರೆಯಲಿ ಎಂದು ಕೇಳಿದೆ. ‘ಖಾಲಿ ಬಿಡಿ ಮೇಡಂ’ ಅಂದರು. ಹಾಗೆ, ಕೆಲಸ ಸಿಗುವ ಮೊದಲೇ ನನಗೆ ಇಪ್ಪತ್ತು ವರ್ಷದ ಸಾಲ ಸಿಕ್ಕಿದೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಓದಲು ಮಹಡಿಯ ಕೋಣೆ ಕೊಟ್ಟಿದ್ದಾರೆ.