ಅನ್ನ, ಧೂಮ ಮತ್ತು ಔಷಧ

ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗಿದೊಡನೆ ತಮ್ಮ ಕರ್ತವ್ಯ ತೀರಿತೆಂದು ಭಾವಿಸುವವರು, ಅದೇ ಉದರಕ್ಕೆ ಇಳಿಯುವ ಕಾಫಿ, ಹಾಲು, ಸೊಪ್ಪುಗಳಿಗೂ ಆ ಔಷಧದ ಗತಿಗೂ ಇರುವ ಸಂಬಂಧವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಥೈರಾಯಿಡ್ ಗ್ರಂಥಿಯ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಯಬೇಕೆಂಬುದು ನಿಯಮ. ಆದರೆ ಫಿಲ್ಟರಿನಿಂದ ತೊಟ್ಟಿಕ್ಕುವ ಡಿಕಾಕ್ಷನ್ನಿನ ಪರಿಮಳಕ್ಕೆ ಮನಸೋತ ನಮ್ಮ ಮನೆಗಳಲ್ಲಿ ಅಷ್ಟು ಸಂಯಮ ಸುಲಭವಲ್ಲ, ಮಾತ್ರೆಯ ಬೆನ್ನಿಗೇ ಕಾಫಿ ಕುಡಿದರೆ ಕರುಳು ಔಷಧವನ್ನು ಪೂರ್ಣವಾಗಿ ಹೀರಿಕೊಳ್ಳಲಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಿಗೆ ಸೊಪ್ಪು ನಿಷಿದ್ಧವೇನಲ್ಲ. ಅದರೊಳಗಿನ ಕೆ ಜೀವಸತ್ತ್ವವು ಔಷಧದ ಬಲವನ್ನು ಕುಗ್ಗಿಸುವುದರಿಂದ, ಒಂದು ವಾರ ಸೊಪ್ಪಿನ ಹುಳಿಯ ಸಮಾರಾಧನೆ, ಮರುವಾರ ಅದರ ಹೆಸರೇ ಇಲ್ಲ ಎಂಬ ಏರುಪೇರು ಮಾತ್ರ ಒಗ್ಗದು.

ಧೂಮಪಾನದ ಕಥೆ ಇನ್ನೂ ವಿಚಿತ್ರವಾದುದು. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಔಷಧವನ್ನು ವಿಭಜಿಸುವ ಯಕೃತ್ತಿನ ಕಿಣ್ವವನ್ನು ಉದ್ದೀಪಿಸುವುದು ನಿಕೋಟಿನ್ ಅಲ್ಲ, ಹೊಗೆಯ ಟಾರಿನಲ್ಲಿರುವ ಹೈಡ್ರೋಕಾರ್ಬನ್ನುಗಳು. ಆದುದರಿಂದ ಸೇದುವವನಿಗೆ ಹೆಚ್ಚಿನ ಪ್ರಮಾಣವೇ ಬೇಕಾಗುತ್ತದೆ. ಅವನು ಸದ್ಬುದ್ಧಿಯಿಂದ ಚಟವನ್ನು ಬಿಟ್ಟನೋ, ಕಿಣ್ವವು ಕೆಲವೇ ದಿನಗಳಲ್ಲಿ ಮಂದವಾಗಿ, ಹಳೆಯ ಪ್ರಮಾಣವೇ ರಕ್ತದಲ್ಲಿ ಮಿತಿಮೀರಿ, ವಾಕರಿಕೆ, ಎದೆಬಡಿತ, ಕೆಲವೊಮ್ಮೆ ಸೆಳವುಗಳನ್ನೂ ತರಬಹುದು. ಬಿಡುವ ಸಂಕಲ್ಪವನ್ನು ಮೊದಲೇ ವೈದ್ಯರ ಕಿವಿಗೆ ಹಾಕಿದರೆ ಅವರು ಪ್ರಮಾಣವನ್ನು ತಗ್ಗಿಸಿಕೊಡಬಲ್ಲರು.