ಹೈ-ಫೈ ಕೊಳ್ಳುವ ಮುನ್ನ

ಸಂಗೀತಾಭಿರುಚಿಯುಳ್ಳ ಗೃಹಸ್ಥನಿಗೆ ಒಂದಲ್ಲ ಒಂದು ದಿನ ತನ್ನ ಮನೆಯ ಯಂತ್ರದ ಮೇಲೆ ಅತೃಪ್ತಿ ಹುಟ್ಟುತ್ತದೆ. ಗೆಳೆಯನ ಮನೆಯಲ್ಲಿ ಕೇಳಿದ ವೀಣೆಯ ಮೀಟು ಕಿವಿಯಲ್ಲೇ ಉಳಿದಿರುತ್ತದೆ. ತನ್ನ ಮನೆಗೆ ಬಂದು ಅದೇ ವೀಣೆಯನ್ನು ಹಾಕಿದರೆ ತಗಡಿನ ಡಬ್ಬಿಯೊಳಗಿಂದ ನುಡಿದಂತೆ ಕೇಳಿಸುತ್ತದೆ. ಅಲ್ಲಿಂದ ಅಂಗಡಿಗಳ ಪ್ರದಕ್ಷಿಣೆ ಆರಂಭ. ಅಂಗಡಿಯಾತ ವಾಟುಗಳ ಲೆಕ್ಕ ಹೇಳುತ್ತಾನೆ. ಗೆಳೆಯ ಹೊಸ ಮಾದರಿಯ ಹೆಸರು ಹೇಳುತ್ತಾನೆ. ಅಮೆರಿಕೆಯಲ್ಲಿರುವ ಭಾವಮೈದುನ ‘ಇಲ್ಲಿಂದಲೇ ತರುತ್ತೇನೆ ಭಾವ, ನೀವು ಸುಮ್ಮನಿರಿ’ ಎಂದು ಫೋನು ಮಾಡುತ್ತಾನೆ. ಮನೆಯಾಕೆ ಮಾತ್ರ, ‘ಈಗಿರುವುದಕ್ಕೆ ಏನಾಗಿದೆಯೆಂದು ಮೊದಲು ನೋಡಬಾರದೇ?’ ಎಂದು ಕೇಳುತ್ತಾಳೆ. ಇವರೆಲ್ಲರ ಮಾತಿನಲ್ಲಿ ಹೆಚ್ಚು ತಿರುಳಿರುವುದು ಈ ಕೊನೆಯ ಮಾತಿನಲ್ಲಿಯೇ.

ಧ್ವನಿಯಂತ್ರವೆಂಬುದು ಒಂದು ಸರಪಳಿ. ಅದರ ಒಂದು ತುದಿಯಲ್ಲಿ ಪ್ಲೇಟಿನ ಗೀರಿನಲ್ಲಿ ಓಡುವ ಮುಳ್ಳಿನ ಕಂಪನ ವಿದ್ಯುತ್ತಾಗುತ್ತದೆ. ಇನ್ನೊಂದು ತುದಿಯಲ್ಲಿ, ಸ್ಪೀಕರಿನಲ್ಲಿ, ಆ ವಿದ್ಯುತ್ತು ಮತ್ತೆ ಗಾಳಿಯ ಕಂಪನವಾಗುತ್ತದೆ. ನಡುವೆ ಇರುವ ಆಂಪ್ಲಿಫೈಯರ್ ವಿದ್ಯುತ್ತನ್ನು ಹಿಗ್ಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಆ ಕೆಲಸವನ್ನು ಇಂದಿನ ಸಾಧಾರಣ ಬೆಲೆಯ ಯಂತ್ರಗಳೂ ಚೆನ್ನಾಗಿಯೇ ಮಾಡುತ್ತವೆ. ನಾದ ಕೆಡುವುದು ಹೆಚ್ಚಾಗಿ ಆ ಎರಡು ತುದಿಗಳಲ್ಲಿ. ಹಣ ಹೋಗಬೇಕಾದದ್ದೂ ಅಲ್ಲಿಗೇ. ಆದರೆ ಅನೇಕರು ನಡುವಿನ ಪೆಟ್ಟಿಗೆಯ ಹೊಳಪಿಗೂ ಗುಂಡಿಗಳ ಸಂಖ್ಯೆಗೂ ಮರುಳಾಗಿ ತುದಿಗಳನ್ನು ಮರೆಯುತ್ತಾರೆ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಿಂದಲೋ ಜೇಬಿನ ಫೋನಿನಿಂದಲೋ ಕೇಳುವವನಿಗೆ ಮೊದಲ ತುದಿಯ ಚಿಂತೆ ಬಹುಮಟ್ಟಿಗೆ ಇಲ್ಲ. ಅಟ್ಟದ ಮೇಲಿಂದ ತಂದೆಯ ಕಾಲದ ಪ್ಲೇಟುಗಳ ಪೆಟ್ಟಿಗೆಯನ್ನು ಇಳಿಸಿಕೊಂಡವನಿಗೆ ಮಾತ್ರ ಅದೇ ದೊಡ್ಡ ಚಿಂತೆಯಾಗಬೇಕು.

ಏಕೆಂದರೆ ಕೆಟ್ಟ ಸ್ಪೀಕರಿನಿಂದ ಒಂದು ಸಂಜೆ ಹಾಳಾದೀತು, ಅಷ್ಟೇ. ಕೆಟ್ಟ ಮುಳ್ಳಿನಿಂದ ಪ್ಲೇಟೇ ಹಾಳಾಗುತ್ತದೆ. ಸವೆದ ಮುಳ್ಳು ಗೀರಿನ ಗೋಡೆಯನ್ನು ಉಳಿಯಂತೆ ಕೆತ್ತುತ್ತದೆ. ಒಮ್ಮೆ ಕೆತ್ತಿಹೋದ ಸ್ವರವನ್ನು ಯಾವ ಅಂಗಡಿಯೂ ಮರಳಿ ಕೊಡಲಾರದು. ವಜ್ರದ ಮುಳ್ಳಿಗೂ ಆಯುಸ್ಸುಂಟು. ಸಾಮಾನ್ಯವಾಗಿ ಐನೂರರಿಂದ ಸಾವಿರ ಗಂಟೆ ಎನ್ನುತ್ತಾರೆ. ದಿನಕ್ಕೊಂದು ಗಂಟೆಯಂತೆ ಕೇಳಿದರೂ ಒಂದೂವರೆಯಿಂದ ಮೂರು ವರ್ಷದೊಳಗೆ ಅದರ ಕೆಲಸ ಮುಗಿಯಿತು. ಹಳೆಯ ಟರ್ನ್‌ಟೇಬಲನ್ನು ಅಟ್ಟದಿಂದ ಇಳಿಸಿದವನು ಅದರಲ್ಲಿರುವ ಮುಳ್ಳು ಯಾರ ಕಾಲದ್ದೆಂದು ತಿಳಿಯದೆ ಪ್ಲೇಟನ್ನು ಮುಟ್ಟಬಾರದು. ಮುಳ್ಳಿನ ಭಾರವೂ ಮುಖ್ಯ. ಸಾಮಾನ್ಯ ಕಾರ್ಟ್ರಿಜ್ಜುಗಳಿಗೆ ತಯಾರಕರು ಹೇಳುವ ಭಾರ ಒಂದೂವರೆಯಿಂದ ಎರಡು ಗ್ರಾಂನಷ್ಟು. ಹೆಚ್ಚಿಸಿದರೆ ಸವೆತ. ‘ಪ್ಲೇಟು ಉಳಿಯಲಿ’ ಎಂದು ತೀರ ಕಡಿಮೆ ಮಾಡಿದರೂ ತೊಂದರೆಯೇ: ಮುಳ್ಳು ಗೀರಿನಲ್ಲಿ ಕುಣಿದು ಗೋಡೆಗೆ ಬಡಿಯುತ್ತದೆ.

ಪೆಟ್ಟಿಗೆಯಲ್ಲಿ ನಿಮಿಷಕ್ಕೆ ೭೮ ಸುತ್ತಿನ ಪ್ಲೇಟುಗಳಿದ್ದರೆ ಇನ್ನಷ್ಟು ಎಚ್ಚರ ಬೇಕು. ೧೯೪೮ರಲ್ಲಿ ಬಂದ ಎಲ್.ಪಿ.ಯ ಗೀರಿಗಿಂತ ೭೮ರ ಗೀರು ಸುಮಾರು ಮೂರು ಪಟ್ಟು ಅಗಲ. ಎಲ್.ಪಿ.ಯ ಸಣ್ಣ ಮುಳ್ಳು ಅದರ ತಳಕ್ಕೆ ಜಾರಿ, ಹಾಡನ್ನು ಬಿಟ್ಟು ಧೂಳನ್ನು ಓದುತ್ತದೆ. ೭೮ರ ದಪ್ಪ ಮುಳ್ಳನ್ನು ಎಲ್.ಪಿ.ಯ ಮೇಲೆ ಇಟ್ಟರೆ ಎಲ್.ಪಿ.ಯ ಕಥೆ ಮುಗಿದಂತೆ. ಎರಡಕ್ಕೂ ಬೇರೆ ಬೇರೆ ಮುಳ್ಳು ಬೇಕೇ ಬೇಕು. ಬಹುಪಾಲು ೭೮ರ ಪ್ಲೇಟುಗಳು ಅರಗಿನಿಂದ ಮಾಡಿದವು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಧೂಳು ತೆಗೆಯುವ ಉತ್ಸಾಹದಲ್ಲಿ ಸ್ಪಿರಿಟ್ಟು ಹಚ್ಚಿ ಒರೆಸಿದರೆ ಧೂಳಿನೊಡನೆ ಹಾಡೂ ಹೋಗುತ್ತದೆ.

ಇನ್ನು ಭಾವಮೈದುನನ ಉಡುಗೊರೆ. ಅಮೆರಿಕೆಯ ವಿದ್ಯುತ್ತು ೧೨೦ ವೋಲ್ಟು, ೬೦ ಹರ್ಟ್ಸ್. ನಮ್ಮದು ೨೩೦ ವೋಲ್ಟು, ೫೦ ಹರ್ಟ್ಸ್. ವೋಲ್ಟನ್ನು ಇಳಿಸಲು ಟ್ರಾನ್ಸ್‌ಫಾರ್ಮರ್ ಸಾಕು. ಹರ್ಟ್ಸನ್ನು ಅದು ಬದಲಿಸದು. ಹಳೆಯ ಟರ್ನ್‌ಟೇಬಲುಗಳಲ್ಲಿ ಅನೇಕವು ಮೋಟಾರಿನ ವೇಗವನ್ನು ಈ ಹರ್ಟ್ಸಿನಿಂದಲೇ ಪಡೆಯುವಂಥವು. ಅಂಥದನ್ನು ಇಲ್ಲಿ ಓಡಿಸಿದರೆ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ. ಮೂವತ್ತಮೂರೂ ಮೂರನೇ ಒಂದು ಸುತ್ತು ಇಪ್ಪತ್ತೆಂಟಕ್ಕೂ ಕಡಿಮೆಯಾಗುತ್ತದೆ, ಇಪ್ಪತ್ತೆರಡು ನಿಮಿಷದ ಮಗ್ಗುಲು ಇಪ್ಪತ್ತಾರು ನಿಮಿಷ ಮೀರುತ್ತದೆ. ಗಾಯಕಿಯ ಷಡ್ಜ ಮೂರು ಸ್ವರಸ್ಥಾನ ಕೆಳಗಿಳಿದು, ಕಂಠ ಗಂಡುಕಂಠದಂತಾಗುತ್ತದೆ. ಮೋಟಾರಿನ ಗಾಲಿಯನ್ನು ೫೦ ಹರ್ಟ್ಸಿಗೆ ತಕ್ಕುದಾಗಿ ಬದಲಿಸುವುದು ಸಾಧ್ಯವೇ ಎಂದು ಮೊದಲೇ ವಿಚಾರಿಸುವುದು ಲೇಸು. ಸ್ಫಟಿಕದ ನಿಯಂತ್ರಣವುಳ್ಳ, ನೇರವಾಗಿ ತಿರುಗುವ ಮಾದರಿಗಳಿಗೆ ಈ ತೊಡಕಿಲ್ಲ.

ಎರಡನೆಯ ತುದಿ ಸ್ಪೀಕರು. ಇದನ್ನು ಆರಿಸುವಾಗ ಅಂಗಡಿಯವನ ತಟ್ಟೆಯಲ್ಲಿರುವ ಸಂಗೀತವನ್ನು ನಂಬಬಾರದು. ಗ್ರಾಹಕ ತನಗೆ ಚಿರಪರಿಚಿತವಾದ ಧ್ವನಿಮುದ್ರಿಕೆಯನ್ನು ಒಯ್ಯಬೇಕು. ಪುರುಷ ಕಂಠದ ಮಾತು ಇದ್ದರಂತೂ ಬಹಳ ಒಳ್ಳೆಯದು. ವಾರ್ತೆ ಓದುವವನ ಎದೆಯೊಳಗಿನ ಗುಡುಗು ಅನಗತ್ಯವಾಗಿ ಹೆಚ್ಚಿದರೆ ಕಿವಿಗೆ ಕೂಡಲೇ ತಿಳಿಯುತ್ತದೆ. ಮೃದಂಗದ ಎಡಮುಖದ ನಾದ ‘ಗುಂ’ ಎಂದು ನಿಂತು ಮುಗಿಯಬೇಕು, ಮುಗಿಯದೆ ಎಳೆಯಬಾರದು. ಗಾಯಕನ ಹಿಂದೆ ತಂಬೂರಿ ಎಡೆಬಿಡದೆ ಕೇಳಿಸುತ್ತಿದೆಯೇ ಎಂಬುದು ಮತ್ತೊಂದು ಪರೀಕ್ಷೆ. ಮತ್ತೆ, ಎರಡು ಸ್ಪೀಕರುಗಳನ್ನು ಹೋಲಿಸುವಾಗ ಸದ್ದು ಎರಡಕ್ಕೂ ಸಮವಾಗಿರಬೇಕು. ಕಿಂಚಿತ್ತು ಜೋರಾಗಿ ನುಡಿದದ್ದು ಮೇಲೆನಿಸುವುದು ಮನುಷ್ಯ ಕಿವಿಯ ದೌರ್ಬಲ್ಯ. ಅಂಗಡಿಯ ಜಾಣರಿಗೆ ಇದು ಚೆನ್ನಾಗಿ ಗೊತ್ತು.

ವಾಟುಗಳ ಲೆಕ್ಕಕ್ಕೂ ಇಲ್ಲೇ ಉತ್ತರವಿದೆ. ಐವತ್ತು ವಾಟಿನದನ್ನು ಬಿಟ್ಟು ನೂರು ವಾಟಿನದನ್ನು ಕೊಂಡರೆ ಸದ್ದು ಇಮ್ಮಡಿಯಾಗುವುದಿಲ್ಲ. ಮೂರು ಡೆಸಿಬೆಲ್ ಏರುತ್ತದೆ, ಅಂದರೆ ಕೊಂಚ ಜೋರಾಯಿತೆಂದು ತಿಳಿಯುವಷ್ಟು. ಅದೇ, ಒಂದು ವಾಟಿಗೆ ೮೫ ಡೆಸಿಬೆಲ್ ಕೊಡುವ ಸ್ಪೀಕರಿನ ಬದಲು ೯೧ ಕೊಡುವುದನ್ನು ಆರಿಸಿದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ದೊಡ್ಡದಾದಂತೆಯೇ. ತಂತಿಯ ವಿಷಯದಲ್ಲಿ ಹೆಚ್ಚು ಹೇಳುವುದೇನೂ ಇಲ್ಲ: ಮೂರು ನಾಲ್ಕು ಮೀಟರು ದೂರಕ್ಕೆ ಸಾಧಾರಣ ತಾಮ್ರದ, ಒಂದೂವರೆ ಚದರ ಮಿಲಿಮೀಟರಿನ ತಂತಿ ಸಾಕು. ಚಿನ್ನದ ಲೇಪದ ಕಥೆಗಳಿಗೆ ಕಿವಿಗೊಡಬೇಕಿಲ್ಲ.

ಇಷ್ಟಾದ ಮೇಲೂ ನಾದ ತೃಪ್ತಿಕರವಾಗದಿದ್ದರೆ ತಪ್ಪು ಕೋಣೆಯದಿರಬಹುದು. ನಮ್ಮ ನಡುಮನೆಗಳಲ್ಲಿ ನೆಲಕ್ಕೆ ಕಲ್ಲು, ಗೋಡೆಗೆ ಸಿಮೆಂಟು, ಕಿಟಕಿಗೆ ಗಾಜು. ಧ್ವನಿ ಎಲ್ಲಿಗೂ ಇಂಗದೆ ಪುಟಿಯುತ್ತಿರುತ್ತದೆ. ಒಂದು ಜಮಖಾನ, ದಪ್ಪನೆಯ ಪರದೆ, ಪುಸ್ತಕಗಳು ತುಂಬಿದ ಬೀರು – ಇವು ಮಾಡುವ ಉಪಕಾರವನ್ನು ಅನೇಕ ಸಾವಿರ ರೂಪಾಯಿಯ ಯಂತ್ರ ಮಾಡಲಾರದು. ಸ್ಪೀಕರನ್ನು ಮೂಲೆಗೆ ನೂಕಿದರೆ ತಗ್ಗಿನ ಸ್ವರಗಳು ಉಬ್ಬುತ್ತವೆ. ಷೋಕೇಸಿನಲ್ಲಿ ಗೊಂಬೆಗಳ ನಡುವೆ ಕೂರಿಸಿದರೆ ಗಾಜಿನ ಬಾಗಿಲೂ ಜೊತೆಗೆ ಹಾಡುತ್ತದೆ. ಗೋಡೆಯಿಂದ ಎರಡಡಿ ಈಚೆಗೆ ತಂದು, ಎರಡು ಸ್ಪೀಕರುಗಳ ನಡುವಣ ಅಂತರದಷ್ಟೇ ದೂರದಲ್ಲಿ, ಕಿವಿಯ ಮಟ್ಟಕ್ಕೆ ಸರಿಯಾಗಿ ಕುರ್ಚಿ ಹಾಕಿ ಕೇಳಿದ ಎಷ್ಟೋ ಜನ ಹೊಸ ಯಂತ್ರದ ಯೋಚನೆಯನ್ನೇ ಬಿಟ್ಟದ್ದುಂಟು.

ಹಳೆಯದನ್ನು ಎಸೆಯಲು ಹೊರಟವನು ಇನ್ನೊಂದು ಸಂಗತಿ ವಿಚಾರಿಸಬೇಕು. ಹಳೆಯ ಸ್ಪೀಕರುಗಳ ಅಂಚಿನ ಸ್ಪಂಜು ಕಾಲಕ್ರಮದಲ್ಲಿ ಪುಡಿಪುಡಿಯಾಗುತ್ತದೆ. ಒಳಗಿನ ಸುರುಳಿಗೆ ಏನೂ ಆಗಿರುವುದಿಲ್ಲ. ಅಂಚನ್ನಷ್ಟೇ ಹೊಸದಾಗಿ ಅಂಟಿಸಬಲ್ಲ ರಿಪೇರಿಯವರು ಇದ್ದಾರೆ. ಆಂಪ್ಲಿಫೈಯರಿನಲ್ಲಿ ಒಣಗಿದ ಕಂಡೆನ್ಸರುಗಳನ್ನು ಬದಲಿಸುವುದೂ ಅಂಥದೇ. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ. ಹೊಸದು ಕೊಳ್ಳಲೇಬೇಕೆಂದಿದ್ದರೂ ಒಮ್ಮೆಗೆ ಒಂದನ್ನೇ ಬದಲಿಸಿ, ಎರಡು ವಾರ ಕೇಳಿ, ಅನಂತರ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಒಳಿತಾಯಿತು, ಯಾವುದರಿಂದ ಕೆಡುಕಾಯಿತು ಎಂಬುದು ಕೊನೆಗೂ ತಿಳಿಯುವುದಿಲ್ಲ.

ಮೈಸೂರಿಗೆ ಈ ಹವ್ಯಾಸದ ನಂಟು ಹೊಸದಲ್ಲ. ಮಹಾರಾಜ ಜಯಚಾಮರಾಜ ಒಡೆಯರ್ ಅವರ ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತದ ಪ್ಲೇಟುಗಳ ಅಪಾರ ಸಂಗ್ರಹವಿತ್ತು. ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ೧೯೪೦ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಪ್ಲೇಟುಗಳಿಗೆ ನುಡಿಸಲು ಸಾಧ್ಯವಾದದ್ದು ಅವರ ಧನಸಹಾಯದಿಂದ. ಆ ಪ್ಲೇಟುಗಳಿಲ್ಲದಿದ್ದರೆ ಮೆಟ್ನರರ ಕೈಯನ್ನು ಇಂದಿನವರು ಇಷ್ಟು ವಿಸ್ತಾರವಾಗಿ ಕೇಳುವಂತಿರಲಿಲ್ಲ.

ಮಧ್ಯಮ ವರ್ಗದ ಮನೆಯ ಪೆಟ್ಟಿಗೆಯಲ್ಲೂ ಇನ್ನೆಲ್ಲೂ ಸಿಗದ ಒಂದೆರಡು ಪ್ಲೇಟುಗಳು ಇರಬಾರದೆಂದಿಲ್ಲ. ಆದ್ದರಿಂದ ಹೊಸ ಮುಳ್ಳು ಬಂದ ಕೂಡಲೇ ಅವನ್ನು ನಿಧಾನವಾಗಿ ತೊಳೆದು, ಒಣಗಿಸಿ, ಒಮ್ಮೆ ನುಡಿಸಿ ಕಂಪ್ಯೂಟರಿಗೆ ಮುದ್ರಿಸಿಕೊಳ್ಳುವುದು ಉತ್ತಮ. ಅನಂತರ ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ, ಬಿಸಿಲು ಬೀಳದ ಕಡೆ ನಿಲ್ಲಿಸಿಡಬೇಕು. ಮಲಗಿಸಿದರೆ ಭಾರಕ್ಕೆ ತಳದ ಎಲ್.ಪಿ.ಗಳು ಬಾಗುತ್ತವೆ, ಅರಗಿನವು ಬಿರಿಯುತ್ತವೆ.