ಕೋವಿಯ ಮೈಮೇಲಿನ ಠಸ್ಸೆಗಳು

ಸಂತೆಯಲ್ಲಿ ತೂಕದ ಕಲ್ಲನ್ನು ತಿರುವಿ ನೋಡುವ ಗೃಹಿಣಿಗೆ ಸರಕಾರದ ಮುದ್ರೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಿನ್ನದ ಬಳೆಯ ಒಳಮೈಯಲ್ಲಿ ಸಾಸಿವೆಕಾಳಿನಷ್ಟು ಸಣ್ಣ ಗುರುತೊಂದಿದ್ದರೆ ಕೊಳ್ಳುವವರ ಮನಸ್ಸಿಗೆ ನೆಮ್ಮದಿ. ವಸ್ತುವನ್ನು ಮಾಡಿದವನು ಒಬ್ಬ, ಪರೀಕ್ಷಿಸಿದವನು ಮತ್ತೊಬ್ಬ. ಆ ಎರಡನೆಯವನ ಸಾಕ್ಷಿಯೇ ಮುದ್ರೆ. ಇಂಥ ಸಾಕ್ಷಿ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವ ವಸ್ತುವೊಂದಿದೆ. ತೂಕ ಸುಳ್ಳಾದರೆ ನಾಲ್ಕು ಕಾಸು ಹೋದೀತು, ಚಿನ್ನ ಕಲಬೆರಕೆಯಾದರೆ ನಾಲ್ಕು ನೂರು ಹೋದೀತು. ಆದರೆ ಕೋವಿಯ ನಳಿಕೆ ದುರ್ಬಲವಾಗಿದ್ದರೆ ಹೋಗುವುದು ಅದನ್ನು ಹಿಡಿದವನ ಕಣ್ಣು, ಕೈ, ಕೆಲವೊಮ್ಮೆ ಪ್ರಾಣ.

ಹೀಗಾಗಿಯೇ ಹಳೆಯ ಸೈನಿಕ ಬಂದೂಕುಗಳ ಮೈತುಂಬ ಠಸ್ಸೆಗಳು. ಕಿರೀಟ, ಬಾಣ, ಅಕ್ಷರ, ಅಂಕಿ, ಹೃದಯದ ಆಕೃತಿ, ಸಿಂಹ, ಹುಲಿಯ ಪಟ್ಟೆ! ಧಾರವಾಡ ಸೀಮೆಯ ದೇಸಾಯರ ವಾಡೆಗಳಲ್ಲಿ, ಹೆಬ್ಬಳ್ಳಿಯಂಥ ಜಹಗೀರಿನ ಊರುಗಳ ಹಳೆಯ ಮನೆತನಗಳಲ್ಲಿ, ಕೊಡಗಿನ ಐನ್‌ಮನೆಗಳಲ್ಲಿ, ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳಲ್ಲಿ ಇಂಥ ಆಯುಧಗಳನ್ನು ಕಾಣುವುದು ಅಪರೂಪವಲ್ಲ. ನೋಡುವವರು ಅದರ ಉದ್ದವನ್ನೂ ಭಾರವನ್ನೂ ಕಂಡು ಬೆರಗಾಗುತ್ತಾರೆ. ಆ ಗುರುತುಗಳನ್ನು ಓದುವವರು ಕಡಿಮೆ. ಓದಲು ಬಂದರೆ ಅದು ಎಲ್ಲಿ ಹುಟ್ಟಿತು, ಯಾರ ಚಾಕರಿ ಮಾಡಿತು, ಯಾವಾಗ ನಿವೃತ್ತಿ ಪಡೆಯಿತು ಎಂಬ ಜಾತಕವೇ ತೆರೆದುಕೊಳ್ಳುತ್ತದೆ.

ಹುಲಿಪಟ್ಟೆಯ ಕಾರ್ಖಾನೆ

ಕನ್ನಡ ನಾಡಿನಲ್ಲಿಯೇ ತಯಾರಾಗಿ, ನಾಡಿನದೇ ಮುದ್ರೆ ಹೊತ್ತ ಬಂದೂಕುಗಳೆಂದರೆ ಟಿಪ್ಪು ಸುಲ್ತಾನನ ಕಾಲದವು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರು ಇಲ್ಲೆಲ್ಲ ಆತನ ಆಯುಧಶಾಲೆಗಳಿದ್ದುವು. ‘ತಾರಾಮಂಡಲ’ವೆಂಬ ಸೊಗಸಾದ ಹೆಸರು ಆ ಕಾರ್ಖಾನೆಗಳಿಗೆ. ಅಲ್ಲಿಂದ ಹೊರಬಂದ ಉತ್ತಮ ಕೋವಿಗಳ ಮೇಲೆ ಹುಲಿಯ ಪಟ್ಟೆಯ ಚಿತ್ತಾರವಿರುತ್ತದೆ; ಹೈದರನ ಹೆಸರಿನ ಮುದ್ರೆಯಿರುತ್ತದೆ; ತಯಾರಿಸಿದ ಊರು, ವರ್ಷ ಕೆತ್ತಿರುತ್ತವೆ. ಆದರೆ ಆ ವರ್ಷವನ್ನು ಓದಲು ಹೋದವರು ಮೊದಲು ತಬ್ಬಿಬ್ಬಾಗುತ್ತಾರೆ. ಅದು ಹಿಜರಿ ಶಕೆಯಲ್ಲ, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆ. ಅಂಕಿಗಳೂ ನಮ್ಮ ರೂಢಿಗೆ ವಿರುದ್ಧವಾಗಿ ಬಲದಿಂದ ಎಡಕ್ಕೆ! ಆತನ ನಾಣ್ಯಗಳಲ್ಲಿಯೂ ಇದೇ ಪದ್ಧತಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಆಯುಧಗಳು ಲೂಟಿಯ ಪಾಲಾಗಿ ಸಮುದ್ರ ದಾಟಿದುವು. ಎರಡು ಶತಮಾನಗಳ ತರುವಾಯ, 2015ರಲ್ಲಿ, ಲಂಡನ್ನಿನ ಹರಾಜಿನಲ್ಲಿ ಅಂಥ ಕೆಲವು ಆಯುಧಗಳಿಗೆ ಲಕ್ಷಗಟ್ಟಲೆ ಪೌಂಡು ಬಂದಿತು. ಅದು ಶ್ರೀರಂಗಪಟ್ಟಣದ್ದೇ ಎಂದು ಸಾರಿ ಹೇಳಿದ್ದು ಆ ಪಟ್ಟೆ, ಆ ಮುದ್ರೆ, ಆ ತಿರುಗುಮುರುಗು ಅಂಕಿಗಳೇ. ನಾಡಿನಲ್ಲಿ ಉಳಿದದ್ದೂ ಉಂಟು: 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಒಂದು ಬಾವಿಯಲ್ಲಿ ಆ ಕಾಲದ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ರಾಕೆಟ್ಟುಗಳು ಸಿಕ್ಕಿದುವು.

ಹೃದಯ, ಸಿಂಹ, ಕಿರೀಟ

ಟಿಪ್ಪುವಿನ ಎದುರಾಳಿಗಳ ಕೈಯಲ್ಲಿದ್ದುದು ‘ಬ್ರೌನ್ ಬೆಸ್’ ಎಂದು ಸಿಪಾಯಿಗಳು ಕರೆಯುತ್ತಿದ್ದ ಕಿಡಿಗಲ್ಲಿನ ಬಂದೂಕು. ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಸೈನ್ಯಕ್ಕಾಗಿ ಮಾಡಿಸಿದ ಮಾದರಿಯಲ್ಲಿ ನಳಿಕೆಯ ಉದ್ದ 39 ಅಂಗುಲ. ಖರ್ಚು ಕಡಿಮೆ, ತಯಾರಿಕೆ ಸುಲಭ. ಫ್ರಾನ್ಸಿನೊಡನೆ ಯುದ್ಧ ಜೋರಾದಾಗ ಬ್ರಿಟಿಷ್ ದೊರೆಯ ಸೈನ್ಯವೂ ಇದನ್ನೇ ಒಪ್ಪಿಕೊಂಡಿತು. ‘ಇಂಡಿಯಾ ಪ್ಯಾಟರ್ನ್’ ಎಂಬ ಹೆಸರು ಅದಕ್ಕೆ ಹೀಗೆ ಬಂದುದು.

ಕಂಪನಿಯ ಬಂದೂಕಿನ ಲಾಕಿನ ಮೇಲೆ ಹೃದಯದ ಆಕೃತಿಯ ಮುದ್ರೆ. ಅದನ್ನು ನಾಲ್ಕು ಭಾಗ ಮಾಡಿ ‘ವಿ, ಇ, ಐ, ಸಿ’ ಎಂಬ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿದ್ದಾರೆ. ಬಟ್ಟೆಯ ಗಂಟುಗಳಿಗೆ, ಸಾಮಾನಿನ ಪೆಟ್ಟಿಗೆಗಳಿಗೆ ಹಾಕುತ್ತಿದ್ದ ವ್ಯಾಪಾರದ ಗುರುತೇ ಇದು! ವರ್ತಕರು ಮೆಣಸಿನ ಚೀಲಕ್ಕೂ ಬಂದೂಕಿಗೂ ಒಂದೇ ಮೊಹರು ಒತ್ತಿದರೆಂಬುದರಲ್ಲಿ ನಮ್ಮ ಇತಿಹಾಸದ ಒಂದು ಅಧ್ಯಾಯವೇ ಅಡಗಿದೆ. 1808ರ ಸುಮಾರಿಗೆ ಹೃದಯ ಹೋಗಿ, ಹಿಂಗಾಲ ಮೇಲೆ ನಿಂತ ಸಿಂಹ ಬಂದಿತು. ವರ್ತಕನು ದೊರೆಯಾಗಿದ್ದನಲ್ಲವೇ?

ಇನ್ನು ದೊರೆಯ ಸೈನ್ಯದ ಬಂದೂಕುಗಳ ವಿಷಯ. ಇವುಗಳ ಲಾಕಿನ ಮೇಲೆ ಕಿರೀಟ, ಅದರ ಕೆಳಗೆ ರಾಜನ ಹೆಸರಿನ ಅಕ್ಷರಗಳು, ಪಕ್ಕದಲ್ಲಿ ‘ಟವರ್’ ಎಂಬ ಶಬ್ದ. ಇದನ್ನು ನೋಡಿ ಲಂಡನ್ನಿನ ಟವರ್ ಕೋಟೆಯಲ್ಲಿಯೇ ಬಂದೂಕನ್ನು ತಯಾರಿಸಿದರೆಂದು ತಿಳಿಯುವವರು ಬಹಳ. ನಿಜಾಂಶ ಬೇರೆ. ನಳಿಕೆ, ಲಾಕು ಮುಂತಾದ ಭಾಗಗಳನ್ನು ಬಹುಪಾಲು ಬರ್ಮಿಂಗ್‌ಹ್ಯಾಮಿನ ಕಂತ್ರಾಟುದಾರರು ಮಾಡುತ್ತಿದ್ದರು. ಸರಕಾರದ ಪರೀಕ್ಷಕರು ನೋಡಿ ಒಪ್ಪಿದರೆಂಬುದಕ್ಕೆ ಆ ಶಬ್ದ ಸಾಕ್ಷಿ.

ಪರೀಕ್ಷೆಯ ಕ್ರಮ

ಪರೀಕ್ಷೆಯಾದರೂ ಕಠಿಣವಾದದ್ದೇ. ಯುದ್ಧದಲ್ಲಿ ಬಳಸುವುದಕ್ಕಿಂತ ಬಹಳ ಹೆಚ್ಚು ಮದ್ದನ್ನು ನಳಿಕೆಗೆ ತುಂಬುತ್ತಿದ್ದರು. ಜನರೆಲ್ಲ ದೂರ ಸರಿದ ಮೇಲೆ ಹಾರಿಸುವುದು. ಬಿರುಕು ಬಿಟ್ಟಿತೋ, ಉಬ್ಬಿತೋ, ಗುಜರಿಗೆ ಹೋಯಿತು. ಗಟ್ಟಿಯಾಗಿ ನಿಂತಿತೋ, ನಳಿಕೆಯ ಬುಡದಲ್ಲಿ ಮುದ್ರೆ ಬಿದ್ದಿತು: ಒಂದು ಕಡೆ ಕಿರೀಟ, ರಾಜನ ಅಕ್ಷರ, ಬಾಣ, ಇನ್ನೊಂದು ಕಡೆ ಕಿರೀಟದ ಕೆಳಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡಗಳು. ಖಾಸಗಿ ಬಂದೂಕುಗಳಿಗೂ ಇಂಥ ಪರೀಕ್ಷಾಶಾಲೆಗಳು ಬಂದುವು. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿಯೇ ಸನದು ಸಿಕ್ಕಿತ್ತು; ಬರ್ಮಿಂಗ್‌ಹ್ಯಾಮಿನ ಪರೀಕ್ಷಾಶಾಲೆ 1813ರ ಕಾಯಿದೆಯ ಫಲ.

ಮೂರು ಗೆರೆಗಳ ಅಗಲ ಬಾಣವೆಂದರೆ ‘ಇದು ಸರಕಾರದ ಸೊತ್ತು’ ಎಂಬ ಘೋಷಣೆ. ಅದೇ ಬಾಣಗಳೆರಡು ಮೂತಿಗೆ ಮೂತಿ ತಾಗಿ ನಿಂತಿದ್ದರೆ, ಆ ಕೋವಿ ಸರಕಾರದ ಚಾಕರಿಯಿಂದ ಬಿಡುಗಡೆಯಾಗಿ ಮಾರಾಟವಾಯಿತೆಂದು ಅರ್ಥ. ನೌಕರನಿಗೆ ನಿವೃತ್ತಿಯ ಪತ್ರ ಕೊಟ್ಟ ಹಾಗೆ!

ಇವುಗಳಿಗಿಂತ ಸಣ್ಣದಾದ, ಆದರೆ ನಮ್ಮ ಮನಸ್ಸನ್ನು ಹೆಚ್ಚು ಸೆಳೆಯುವ ಠಸ್ಸೆ ಇನ್ನೊಂದಿದೆ. ಪುಟ್ಟ ಕಿರೀಟ, ಕೆಳಗೊಂದು ಅಂಕಿ. ಅದು ಪರೀಕ್ಷಕನ ಸಂಖ್ಯೆ. ಎನ್‌ಫೀಲ್ಡ್ ಕಾರ್ಖಾನೆಯ ಕೋವಿಗಳಲ್ಲಿ ಅದರ ಕೆಳಗೆ ‘ಇ’ ಅಕ್ಷರವೂ ಇರುತ್ತದೆ. 1850ರ ದಶಕದಲ್ಲಿ ಅಲ್ಲಿ ಅಮೆರಿಕದಿಂದ ತರಿಸಿದ ಯಂತ್ರಗಳು ಕೂತವು. ಒಂದು ಕೋವಿಯ ತಿರುಪನ್ನು ಇನ್ನೊಂದಕ್ಕೆ ಹಾಕಬಹುದಾದಷ್ಟು ಎಲ್ಲ ಭಾಗಗಳೂ ಏಕರೂಪವಾಗಬೇಕಾಯಿತು. ಆಗ ಕೋವಿಯನ್ನು ಇಡಿಯಾಗಿ ಒಮ್ಮೆ ನೋಡಿದರೆ ಸಾಲದು. ಬಿಡಿಭಾಗಗಳನ್ನು ಪ್ರತ್ಯೇಕವಾಗಿ ಅಳೆಯಬೇಕು. ಅಳೆದವನು ತನ್ನ ಸಂಖ್ಯೆ ಒತ್ತಬೇಕು. ಒಂದೇ ಕೋವಿಯಲ್ಲಿ ಹತ್ತಾರು ಸಣ್ಣ ಕಿರೀಟಗಳು ಕಾಣಿಸಿಕೊಳ್ಳುವುದು ಈ ಕಾರಣದಿಂದ. ಆ ಪರೀಕ್ಷಕನ ಹೆಸರನ್ನು ಸಿಪಾಯಿ ಬಲ್ಲವನಲ್ಲ, ಸಿಪಾಯಿಯ ಮುಖವನ್ನು ಪರೀಕ್ಷಕ ಕಂಡವನಲ್ಲ. ಆದರೂ ಆ ಅಂಕಿಯ ಭರವಸೆಯ ಮೇಲೆ ಒಬ್ಬನು ಕೋವಿಯನ್ನು ಕೆನ್ನೆಗೆ ಆನಿಸಿಕೊಳ್ಳುತ್ತಿದ್ದನು.

ಹಲಗಲಿಯಲ್ಲಿ ತೆತ್ತ ಬೆಲೆ

ಕೋವಿಗೆ ಸರಕಾರದ ಮುದ್ರೆ ಬಿದ್ದರೆ ಸಾಕೆ? ಕೋವಿಯನ್ನು ಹಿಡಿಯುವ ಮನುಷ್ಯನಿಗೂ ಸರಕಾರದ ಒಪ್ಪಿಗೆ ಬೇಕೆಂದು 1857ರಲ್ಲಿ ಕಾಯಿದೆಯಾಯಿತು. ಪರವಾನಗಿಯಿಲ್ಲದ ಆಯುಧವನ್ನು ಒಪ್ಪಿಸಿಬಿಡಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೇ ಅನ್ನ, ಆಯುಧವೇ ಮಾನ. ಅವರು ಕೊಡುವುದಿಲ್ಲವೆಂದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮರ ಹೆಸರುಗಳು ಲಾವಣಿಯಾಗಿ ಇಂದಿಗೂ ನಮ್ಮ ಕಡೆ ಉಳಿದಿವೆ.

ಮರುವರ್ಷ ನರಗುಂದದ ಬಾಬಾಸಾಹೇಬನಿಗೂ ತೋಪು ಮದ್ದುಗಳನ್ನು ಧಾರವಾಡಕ್ಕೆ ಒಪ್ಪಿಸಬೇಕೆಂಬ ಒತ್ತಾಯ ಬಂದಿತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ನಮ್ಮ ಸೀಮೆಯ ವಾಡೆಗಳಲ್ಲಿ ಉಳಿದುಕೊಂಡ ಹಳೆಯ ಕೋವಿಯನ್ನು ನೋಡುವಾಗ ಈ ಹಿನ್ನೆಲೆ ನೆನಪಿರಬೇಕು.

ಕೊಡಗಿನ ಕಥೆ ಬೇರೆ. 1861ರಲ್ಲಿ ಕೊಡವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವು ಸಂಭವಿಸಿದರೆ ಎರಡು ಗುಂಡು ಹಾರಿಸುವುದು ಅವರ ಸಂಪ್ರದಾಯ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ. ಆ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರಕಾರವು 2029ರ ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು.

ಕಿರೀಟ ಇಳಿದು ಅಶೋಕಸಿಂಹ ಏರಿತು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂಗಾಳದ ಈಶಾಪುರದಲ್ಲಿ ರೈಫಲ್ ಕಾರ್ಖಾನೆ ಪ್ರಾರಂಭವಾಯಿತು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ‘ತ್ರೀ ನಾಟ್ ತ್ರೀ’ ಕೋವಿಗಳಲ್ಲಿ ಅನೇಕವು ಅಲ್ಲಿಯವು. ಅವುಗಳ ಪಕ್ಕದ ಪಟ್ಟಿಯ ಮೇಲೆ ಕಿರೀಟ, ‘ಜಿ.ಆರ್.ಐ.’ ಎಂಬ ಚಕ್ರವರ್ತಿಯ ಅಕ್ಷರಗಳು, ಈಶಾಪುರದ ಹೆಸರು, ವರ್ಷ. ಸ್ವಾತಂತ್ರ್ಯದ ತರುವಾಯ ಅದೇ ಕಾರ್ಖಾನೆ, ಅದೇ ಕೋವಿ. ಕಿರೀಟದ ಸ್ಥಾನದಲ್ಲಿ ಮಾತ್ರ ಅಶೋಕಸ್ತಂಭದ ಸಿಂಹಗಳು. ರಾಜ್ಯ ಬದಲಾದುದನ್ನು ಉಕ್ಕಿನ ಮೇಲೆ ಇದಕ್ಕಿಂತ ಚಿಕ್ಕದಾಗಿ ಬರೆಯಲಾಗದು.

ಮುದ್ರೆಗೆ ಬೆಲೆಯಿದ್ದಲ್ಲಿ ಖೋಟಾ ಮುದ್ರೆಯೂ ಹುಟ್ಟುತ್ತದೆ. ಖೈಬರ್ ಕಣಿವೆಯ ಕಮ್ಮಾರರು ಬ್ರಿಟಿಷ್ ಕೋವಿಗಳನ್ನು ನಕಲು ಮಾಡುವುದರಲ್ಲಿ ನಿಪುಣರು. ಆದರೆ ಇಂಗ್ಲಿಷ್ ಅರಿಯದವರು ಒತ್ತಿದ ಅಕ್ಷರಗಳು ಕೆಲವೊಮ್ಮೆ ತಲೆಕೆಳಗು, ಕೆಲವೊಮ್ಮೆ ಕನ್ನಡಿಯ ಪ್ರತಿಬಿಂಬ. ವಿಕ್ಟೋರಿಯಾ ರಾಣಿ 1901ರ ಜನವರಿಯಲ್ಲಿ ತೀರಿಕೊಂಡಳು, ಆಕೆಯ ‘ವಿ.ಆರ್.’ ಅಕ್ಷರಗಳ ಕೆಳಗೆ 1910 ಎಂದಿದ್ದರೆ ಜಾಣ ವಾಚಕರು ಏನು ತಿಳಿಯಬೇಕೆಂದು ಬೇರೆ ಹೇಳಬೇಕಿಲ್ಲ.

ಮನೆಯಲ್ಲಿ ಹಳೆಯ ಕೋವಿ ಇದ್ದವರಿಗೆ ಎರಡು ಮಾತು. ನವರಾತ್ರಿಯ ಆಯುಧಪೂಜೆಗೆಂದು ಹುಣಸೆಹಣ್ಣು ಹಚ್ಚಿ, ಇಟ್ಟಿಗೆಯ ಪುಡಿ ಹಾಕಿ, ಕಂಚಿನ ತಂಬಿಗೆಯಂತೆ ಥಳಥಳ ತಿಕ್ಕುವುದು ಬೇಡ. ತುಕ್ಕಿನೊಡನೆ ಠಸ್ಸೆಯೂ ಸವೆಯುತ್ತದೆ. ಮೆತ್ತನೆಯ ಬಟ್ಟೆಗೆ ತುಸು ಎಣ್ಣೆ ಹಾಕಿ ಒರೆಸಿದರೆ ಸಾಕು. ಎರಡನೆಯದು ಕಾನೂನಿನ ಮಾತು. 1959ರ ಆಯುಧ ಕಾಯಿದೆಯ 8ನೆಯ ಕಲಮಿನಂತೆ ಬಂದೂಕಿನ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದೂ ತಿದ್ದುವುದೂ ಅಪರಾಧ. ಅಳಿಸಿದ ಕೋವಿ ಯಾರ ಬಳಿ ಇರುವುದೋ, ಬೇರೆ ರುಜುವಾತು ಸಿಗುವ ತನಕ ಅವರೇ ಅಳಿಸಿದರೆಂದು ಕಾನೂನು ಭಾವಿಸುತ್ತದೆ. ರಿಪೇರಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಗಳಿಗೆ ಆ ಕಾಯಿದೆಯಲ್ಲಿಯೇ ವಿನಾಯಿತಿಯುಂಟು. ಆದರೆ ತಮ್ಮದು ಆ ವರ್ಗಕ್ಕೆ ಸೇರಿತೋ ಇಲ್ಲವೋ ಎಂಬುದನ್ನು ಮನೆಯ ಯಜಮಾನರು ತಾವೇ ತೀರ್ಮಾನಿಸದೆ, ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಲೇಸು. ನೂರು ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾಯಿದೆಯೂ ಅನ್ವಯಿಸಬಹುದು. ಅಂಥದನ್ನು ಪರದೇಶಕ್ಕೆ ಕಳುಹಿಸುವಂತಿಲ್ಲ.

ಈ ಸಲ ಅಟ್ಟದಿಂದ ಕೋವಿಯನ್ನು ಕೆಳಗಿಳಿಸಿದಾಗ ಕುಂಕುಮ ಹಚ್ಚುವ ಮೊದಲು ಭೂತಗನ್ನಡಿ ಹಿಡಿದು ನಳಿಕೆಯ ಬುಡವನ್ನೊಮ್ಮೆ ನೋಡಿರಿ. ಕಂಡ ಗುರುತುಗಳನ್ನು ಕಾಗದದಲ್ಲಿ ಬರೆದಿಡಿರಿ. ಮನೆಯ ಹಿರಿಯರು ಆ ಕೋವಿ ಎಲ್ಲಿಂದ ಬಂತೆಂದು ಹೇಳುವ ಮಾತನ್ನೂ ಅದರ ಕೆಳಗೆ ಬರೆಯಿರಿ. ಎರಡೂ ಹೊಂದಿಕೆಯಾದರೆ ಮಕ್ಕಳಿಗೆ ಹೇಳಲು ಒಂದು ನಿಜವಾದ ಇತಿಹಾಸ ಸಿಕ್ಕಿತು.